ಒಂದೇ ಮೆಸೇಜ್ ಇದ್ದ ಚಾನೆಲ್ ತೆರೆಯೋಕೆ 20 ಸೆಕೆಂಡ್ ಯಾಕೆ ಬೇಕಾಯ್ತು?

ಈ ಸಂಚಿಕೆ ಡೇಟಾಬೇಸ್ ಬಗ್ಗೆ ಅಂದ ಕೂಡಲೇ ಅರ್ಧ ಜನ ಮುಂದಿನದಕ್ಕೆ ಹೋಗ್ತೀರಿ ಅಂತ ಗೊತ್ತು. ಸ್ವಲ್ಪ ಹೊತ್ತು ಇರಿ. ನಾನು ಓದಿದ್ದು ಬಿ.ಕಾಂ, ಕಂಪ್ಯೂಟರ್ ಸೈನ್ಸ್ ಅಲ್ಲ. ನನಗೆ ಅರ್ಥವಾಗಿದೆ ಅಂದರೆ ನಿಮಗೂ ಆಗತ್ತೆ.

ಒಂದು ಒಗಟು ಹೇಳ್ತೀನಿ. ಒಂದು ಚಾಟ್ ಆ್ಯಪ್ ಇದೆ. ಅದರಲ್ಲಿ ಒಂದು ಚಾನೆಲ್. ಆ ಚಾನೆಲ್‌ನಲ್ಲಿ ಇರೋದು ಒಂದೇ ಒಂದು ಮೆಸೇಜ್. ಅದನ್ನ ತೆರೆದರೆ ಲೋಡ್ ಆಗೋಕೆ 20 ಸೆಕೆಂಡ್. ಅದೇ ಹೊತ್ತಿಗೆ ಹಿಂದೆ ಇರೋ ಡೇಟಾಬೇಸ್ ಸರ್ವರ್‌ಗಳು ಹತ್ತತ್ತು ಸೆಕೆಂಡ್ ಏನೂ ಮಾಡದೆ ಸುಮ್ಮನೆ ನಿಂತುಬಿಡ್ತಿವೆ, ಮತ್ತೆ ಏಳ್ತಿವೆ, ಮತ್ತೆ ನಿಲ್ತಿವೆ. ಒಂದು ಮೆಸೇಜ್ ಓದೋಕೆ ಇಷ್ಟೊಂದು ಪರದಾಟ ಯಾಕೆ?

ಇದು ಕಟ್ಟುಕತೆ ಅಲ್ಲ. ಆ್ಯಪ್‌ನ ಹೆಸರು ಡಿಸ್ಕಾರ್ಡ್. ಗೇಮ್ ಆಡೋರು ಆಡ್ತಾ ಆಡ್ತಾ ಮಾತಾಡಿಕೊಳ್ಳಲಿ ಅಂತ 2015ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದರ ಸಹಸಂಸ್ಥಾಪಕ ಸ್ಟಾನಿಸ್ಲಾವ್ ವಿಷ್ನೆವ್‌ಸ್ಕಿ 2017ರ ಜನವರಿಯಲ್ಲಿ ಈ ಘಟನೆಯನ್ನ ಮುಚ್ಚುಮರೆ ಇಲ್ಲದೆ ಬರೆದರು. ಆಮೇಲೆ 2020ರಲ್ಲಿ, 2023ರಲ್ಲಿ ಅದೇ ಕಂಪನಿಯ ಬೇರೆ ಎಂಜಿನಿಯರ್‌ಗಳು ಮುಂದಿನ ಕಂತು ಬರೆದ ಹಾಗೆ ಬರೆದಿದ್ದಾರೆ. ಮೂರನ್ನೂ ಒಟ್ಟಿಗೆ ಓದಿದರೆ ಒಂದು ಡೇಟಾಬೇಸ್‌ನಲ್ಲಿ ಓದು ಯಾಕೆ ನಿಧಾನ ಆಗತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ.

ಮೊದಲ ಕಂತು ಮೆಮರಿಯದ್ದು. ಶುರುವಿನಲ್ಲಿ ಅವರು ಮಾಂಗೋಡಿಬಿ ಬಳಸ್ತಿದ್ದರು. 2015ರ ನವೆಂಬರ್ ಹೊತ್ತಿಗೆ 10 ಕೋಟಿ ಮೆಸೇಜ್ ಸೇರಿದವು. ಡೇಟಾ, ಅದರ ಇಂಡೆಕ್ಸ್ ಎರಡೂ ಸೇರಿ ರ್‍ಯಾಮ್‌ನಲ್ಲಿ ಹಿಡಿಸಲಿಲ್ಲ. ಅಲ್ಲಿಂದ ವೇಗ ಏರುಪೇರಾಗೋಕೆ ಶುರುವಾಯ್ತು.

ಇದನ್ನ ನಮ್ಮ ಲೆಕ್ಕದ ಅಂಗಡಿಯ ಹಾಗೆ ಕಲ್ಪಿಸಿಕೊಳ್ಳಿ. ಗುಮಾಸ್ತರ ಮುಂದೆ ಒಂದು ಮೇಜು, ಹಿಂದಿನ ಕೋಣೆಯಲ್ಲಿ ಕಪಾಟು. ಮೇಜು ಅಂದರೆ ಮೆಮರಿ, ಕಪಾಟು ಅಂದರೆ ಡಿಸ್ಕ್. ಮೇಜಿನ ಮೇಲೆ ಇರೋ ಪುಸ್ತಕದಿಂದ ಲೆಕ್ಕ ಕೇಳಿದರೆ ತಕ್ಷಣ ಹೇಳ್ತಾರೆ. ಕಪಾಟಿನಿಂದ ತರಬೇಕು ಅಂದರೆ ಎದ್ದು ಹೋಗಬೇಕು. ಮೇಜು ತುಂಬಿದ್ದರೆ ಹೊಸದನ್ನ ಇಡೋಕೆ ಹಳೇದೊಂದನ್ನ ವಾಪಸ್ ಇಡಬೇಕು. ಹೀಗೆ ಮೇಜಿನ ಮೇಲೆ ಹರಡಿಕೊಂಡಿರೋ ಪುಸ್ತಕಗಳಿಗೆ ಕಂಪ್ಯೂಟರ್ ಭಾಷೆಯಲ್ಲಿ ಬಫರ್ ಅಂತಲೋ ಕ್ಯಾಶ್ ಅಂತಲೋ ಹೇಳ್ತಾರೆ. (ಬಿ.ಕಾಂ ಮಾಡಿದೋರಿಗೆ ಕ್ಯಾಶ್ ಅಂದ ತಕ್ಷಣ ಗಲ್ಲಾಪೆಟ್ಟಿಗೆ ನೆನಪಾಗತ್ತೆ. ಇದು ಆ ಕ್ಯಾಶ್ ಅಲ್ಲ.)

ಡಿಸ್ಕಾರ್ಡ್‌ನಲ್ಲಿ ಒಂದು ವಿಚಿತ್ರ ಕಂಡಿತು. ಮೇಜನ್ನ ಹೆಚ್ಚು ಹಾಳು ಮಾಡ್ತಿದ್ದದ್ದು ಗದ್ದಲದ ಗುಂಪುಗಳಲ್ಲ, ಮೌನದ ಗುಂಪುಗಳು. ಬರೀ ಧ್ವನಿಯಲ್ಲಿ ಮಾತಾಡೋ ಗೆಳೆಯರ ಗುಂಪು, ಟೈಪ್ ಮಾಡೋದು ಕೆಲವು ದಿನಕ್ಕೆ ಒಂದೋ ಎರಡೋ ಮೆಸೇಜ್. ಅಲ್ಲಿ ಕೊನೆಯ 50 ಮೆಸೇಜ್ ತೋರಿಸಬೇಕು ಅಂದರೆ ತಿಂಗಳುಗಟ್ಟಲೆ ಹಿಂದಿನ ಲೆಕ್ಕದವರೆಗೂ ಹೋಗಬೇಕು. ಕಪಾಟಿನ ಹತ್ತಾರು ಕಡೆಯಿಂದ ಪುಸ್ತಕ ಇಳಿಸಬೇಕು. ಪ್ರತಿ ಸಲ ಇಳಿಸಿದಾಗಲೂ ಮೇಜಿನ ಮೇಲಿಂದ ಬೇರೆಯವರ ಪುಸ್ತಕ ಹೊರಗೆ ಹೋಗತ್ತೆ. ಸದ್ದಿಲ್ಲದ ಒಂದು ಗುಂಪು ಪೇಜ್ ತೆರೆದಿದ್ದಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬರ ಓದು ನಿಧಾನ ಆಗತ್ತೆ. ನಿಧಾನ ಆದ ಕಡೆ ಹೋಗಿ ನೋಡಿದರೆ ಅಲ್ಲಿ ಏನೂ ತಪ್ಪು ಸಿಗಲ್ಲ, ಯಾಕಂದ್ರೆ ತಪ್ಪು ಅಲ್ಲಿ ಇಲ್ಲ.

ಅವರು ಮಾಂಗೋ ಬಿಟ್ಟು ಕಸಾಂಡ್ರಾ ಅನ್ನೋ ಡೇಟಾಬೇಸ್‌ಗೆ ಹೋದರು. ಇಲ್ಲಿಂದ ಒಗಟಿನ ಉತ್ತರಕ್ಕೆ ಬರ್ತೀವಿ.

ಕಸಾಂಡ್ರಾ ಬರೆಯೋ ರೀತಿ ನೋಡಿದರೆ ನನಗೆ ಹಳೇ ಕಾಲದ ಲೆಕ್ಕಿಗರೇ ಕಟ್ಟಿದ್ದಾರೇನೋ ಅನ್ನಿಸತ್ತೆ. ಬಂದ ಎಂಟ್ರಿಯನ್ನ ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳತ್ತೆ, ಮೇಜಿನ ಮೇಲೆ ಒಂದು ಪ್ರತಿ ಇಟ್ಟುಕೊಳ್ಳತ್ತೆ. ಮೇಜಿನ ಮೇಲಿನ ಪ್ರತಿ ತುಂಬಿದ ಮೇಲೆ ಅದನ್ನ ಒಂದು ಪುಸ್ತಕವಾಗಿ ಕಟ್ಟಿ ಕಪಾಟಿಗೆ ಸೇರಿಸತ್ತೆ. ಒಮ್ಮೆ ಕಟ್ಟಿದ ಪುಸ್ತಕವನ್ನ ಮತ್ತೆ ತಿದ್ದಲ್ಲ. ಆಗಾಗ ನಾಲ್ಕಾರು ಪುಸ್ತಕ ಸೇರಿಸಿ ಒಂದು ದೊಡ್ಡ ಪುಸ್ತಕ ಮಾಡತ್ತೆ, ಅಷ್ಟೇ. ಹಾಗಾಗಿ ಬರೆಯೋದು ಬಹಳ ಅಗ್ಗ. ಓದೋದು ದುಬಾರಿ, ಯಾಕಂದ್ರೆ ಒಂದು ಲೆಕ್ಕ ಬೇಕು ಅಂದರೆ ಮೇಜಿನ ಪ್ರತಿಯನ್ನೂ ನೋಡಬೇಕು, ಕಪಾಟಿನ ಹಲವು ಪುಸ್ತಕಗಳನ್ನೂ ನೋಡಬೇಕು, ಎಲ್ಲ ತಾಳೆ ಹಾಕಿ ಉತ್ತರ ಹೇಳಬೇಕು.

ಕಟ್ಟಿದ ಪುಸ್ತಕ ತಿದ್ದೋ ಹಾಗಿಲ್ಲ ಅಂದಮೇಲೆ ಅಳಿಸೋದು ಹೇಗೆ? ನಮ್ಮ ಅಕೌಂಟ್ಸ್ ಮೇಷ್ಟ್ರು ಮೊದಲ ವಾರವೇ ಹೇಳಿಕೊಟ್ಟ ಹಾಗೆ. ರಬ್ಬರ್ ಮುಟ್ಟಬಾರದು, ವೈಟ್ನರ್ ಹಚ್ಚಬಾರದು. ತಪ್ಪು ಎಂಟ್ರಿ ಇದ್ದರೆ ಅದನ್ನ ರದ್ದು ಮಾಡೋ ಇನ್ನೊಂದು ಎಂಟ್ರಿ ಹಾಕಬೇಕು, ರಿವರ್ಸಲ್ ಎಂಟ್ರಿ. ಕಸಾಂಡ್ರಾ ಕೂಡ ಅದನ್ನೇ ಮಾಡತ್ತೆ. ನೀವು ಒಂದು ಮೆಸೇಜ್ ಡಿಲೀಟ್ ಮಾಡಿದರೆ "ಇದು ಹೋಯ್ತು" ಅಂತ ಹೊಸ ಎಂಟ್ರಿ ಬೀಳತ್ತೆ. ಅದಕ್ಕೆ ಅವರು ಇಟ್ಟ ಹೆಸರು ಟೂಂಬ್‌ಸ್ಟೋನ್, ಸಮಾಧಿ ಕಲ್ಲು. ಅಂದರೆ ಡಿಲೀಟ್ ಮಾಡಿದಾಗ ಡೇಟಾ ಕಮ್ಮಿ ಆಗಲ್ಲ, ಆ ಕ್ಷಣಕ್ಕೆ ಜಾಸ್ತಿಯೇ ಆಗತ್ತೆ.

ಈ ಕಲ್ಲುಗಳನ್ನ ತಕ್ಷಣ ಎತ್ತಿ ಬಿಸಾಡೋಕೂ ಆಗಲ್ಲ. ಅದಕ್ಕೆ ಕಾರಣ ಇದೆ. ಒಂದೇ ಲೆಕ್ಕದ ಮೂರು ಪ್ರತಿ ಮೂರು ಶಾಖೆಗಳಲ್ಲಿ ಇರತ್ತೆ ಅಂದುಕೊಳ್ಳಿ. ರದ್ದು ಮಾಡಿದ ದಿನ ಮೂರನೇ ಶಾಖೆ ಮುಚ್ಚಿತ್ತು. ಆ ಶಾಖೆಗೆ ಸುದ್ದಿ ತಲುಪೋ ಮೊದಲೇ ಉಳಿದಿಬ್ಬರು ರದ್ದು ಚೀಟಿಯನ್ನ ಹರಿದು ಹಾಕಿದರು ಅಂದರೆ, ಮೂರನೇ ಶಾಖೆಯವರು ಬಂದು "ನಮ್ಮಲ್ಲಿ ಈ ಎಂಟ್ರಿ ಇದೆಯಲ್ಲ, ನಿಮ್ಮಲ್ಲಿ ಬಿಟ್ಟುಹೋಗಿದೆ, ತಗೊಳ್ಳಿ" ಅಂತ ವಾಪಸ್ ಬರೆಸ್ತಾರೆ. ಸತ್ತ ಡೇಟಾ ಎದ್ದು ಬರತ್ತೆ. ಅದಕ್ಕೇ ಕಸಾಂಡ್ರಾ ಈ ಕಲ್ಲುಗಳನ್ನ, ನೀವು ಬೇರೆ ಏನೂ ಹೇಳದಿದ್ದರೆ, 10 ದಿನ ಕಡ್ಡಾಯವಾಗಿ ಇಟ್ಟುಕೊಳ್ಳತ್ತೆ.

ಈಗ ಆ ಚಾನೆಲ್‌ಗೆ ಬನ್ನಿ. ಅದು ಪಜಲ್ ಅಂಡ್ ಡ್ರ್ಯಾಗನ್ಸ್ ಅನ್ನೋ ಗೇಮ್‌ನ ಅಭಿಮಾನಿಗಳ ಸಾರ್ವಜನಿಕ ಸರ್ವರ್. ಕಸಾಂಡ್ರಾಗೆ ಬಂದು ಆರು ತಿಂಗಳು ಎಲ್ಲ ಚೆನ್ನಾಗಿತ್ತು. ಓದು 5 ಮಿಲಿಸೆಕೆಂಡ್ ಒಳಗೆ, ಬರವಣಿಗೆ 1 ಮಿಲಿಸೆಕೆಂಡ್ ಒಳಗೆ ಆಗ್ತಿತ್ತು. ಒಂದು ದಿನ ಇದ್ದಕ್ಕಿದ್ದ ಹಾಗೆ ಕ್ಲಸ್ಟರ್ ಸ್ತಬ್ಧ. ಲಾಗ್ ನೋಡಿದರೆ 10 ಸೆಕೆಂಡಿನ ಗಾರ್ಬೇಜ್ ಕಲೆಕ್ಷನ್, ಮೇಲಿಂದ ಮೇಲೆ. ಹುಡುಕ್ತಾ ಹೋದಾಗ ಲೋಡ್ ಆಗೋಕೆ 20 ಸೆಕೆಂಡ್ ತಗೊಳ್ತಿದ್ದ ಒಂದು ಚಾನೆಲ್ ಸಿಕ್ಕಿತು. ಸಾರ್ವಜನಿಕ ಸರ್ವರ್ ಆಗಿದ್ದರಿಂದ ಎಂಜಿನಿಯರ್‌ಗಳೇ ಸದಸ್ಯರಾಗಿ ಒಳಗೆ ಹೋಗಿ ನೋಡಿದರು. ಒಂದೇ ಮೆಸೇಜ್! ಆ ಸರ್ವರ್ ನಡೆಸ್ತಿದ್ದವರು ಲಕ್ಷಗಟ್ಟಲೆ ಮೆಸೇಜ್‌ಗಳನ್ನ ಎಪಿಐ ಬಳಸಿ ಒಟ್ಟಿಗೆ ಡಿಲೀಟ್ ಮಾಡಿ, ಒಂದನ್ನ ಮಾತ್ರ ಉಳಿಸಿದ್ದರು.

ಅಂದರೆ ಆ ಒಂದು ಮೆಸೇಜ್ ತಲುಪೋಕೆ ಡೇಟಾಬೇಸ್ ಲಕ್ಷಗಟ್ಟಲೆ ಸಮಾಧಿ ಕಲ್ಲುಗಳನ್ನ ಒಂದೊಂದಾಗಿ ಓದಿ ದಾಟಬೇಕಿತ್ತು. ಸರಿ, ಓದು ನಿಧಾನ ಆಯ್ತು, ಅರ್ಥ ಆಗತ್ತೆ. ಆದರೆ ಸರ್ವರ್ ಪೂರ್ತಿ ಯಾಕೆ ನಿಂತಿತು? ಬೇರೆ ಚಾನೆಲ್‌ನವರು ಯಾಕೆ ಕಾಯಬೇಕಾಯ್ತು?

ಇಲ್ಲಿ ಬರತ್ತೆ ಗಾರ್ಬೇಜ್ ಕಲೆಕ್ಷನ್. ಕಸಾಂಡ್ರಾ ಬರೆದಿರೋದು ಜಾವಾದಲ್ಲಿ. ಜಾವಾದಲ್ಲಿ ಪ್ರೋಗ್ರಾಂ ಬರೆಯೋರು ಮೆಮರಿ ತಗೋತಾರೆ, ವಾಪಸ್ ಕೊಡೋ ಚಿಂತೆ ಮಾಡಲ್ಲ. ಬಳಸಿ ಬಿಟ್ಟದ್ದನ್ನ ಗುಡಿಸೋಕೆ ಬೇರೆಯವರಿದ್ದಾರೆ, ಅವರೇ ಗಾರ್ಬೇಜ್ ಕಲೆಕ್ಟರ್. ದರ್ಶಿನಿಯಲ್ಲಿ ನಾವು ತಟ್ಟೆ ಬಿಟ್ಟು ಹೋಗ್ತೀವಲ್ಲ, ಹಾಗೆ. ಸಾಮಾನ್ಯವಾಗಿ ಕ್ಲೀನರ್ ಬಂದು ಸರಸರ ಎತ್ತಿಕೊಂಡು ಹೋಗ್ತಾನೆ, ಯಾರಿಗೂ ಗೊತ್ತಾಗಲ್ಲ. ಆದರೆ ಒಂದೇ ಸಲ ತಟ್ಟೆಗಳ ರಾಶಿ ಬಿದ್ದು, ನೆಲವೆಲ್ಲ ಸಾಂಬಾರ್ ಆಗಿ, ಕಾಲಿಡೋಕೆ ಜಾಗ ಇಲ್ಲ ಅಂದಾಗ, "ಎಲ್ಲರೂ ಹಾಗೇ ನಿಂತ್ಕೊಳ್ಳಿ, ಆರ್ಡರ್ ತಗೊಳಲ್ಲ, ಮೊದಲು ನೆಲ ಒರೆಸ್ತೀವಿ" ಅಂತಾರೆ. ಅದಕ್ಕೆ ಎಂಜಿನಿಯರ್‌ಗಳು ಸ್ಟಾಪ್ ದಿ ವರ್ಲ್ಡ್ ಅಂತಾರೆ. ಇಡೀ ಪ್ರಪಂಚ ನಿಲ್ಲಿಸೋದು. ಕಾಫಿ ಮಾತ್ರ ಕೇಳಿದವನೂ ನಿಲ್ಲಬೇಕು.

ನನಗೆ ಇಲ್ಲಿ ಹೊಸದಾಗಿ ಹೊಳೆದದ್ದು ಒಂದು. ಬರೆದಾಗ ಮೆಮರಿ ತುಂಬತ್ತೆ, ಓದೋದು ನಿರಪಾಯ ಅಂತ ನಾವು ಅಂದುಕೊಂಡಿರ್ತೀವಿ. ಹಾಗಲ್ಲ. ಓದಿದರೂ ಕಸ ಹುಟ್ಟತ್ತೆ. ದಾಟಿ ಹೋದ ಪ್ರತಿಯೊಂದು ಕಲ್ಲಿಗೂ ಮೆಮರಿಯಲ್ಲಿ ಒಂದು ಚೂರು ಜಾಗ ತಗೊಂಡು, ನೋಡಿ, "ಬೇಡ" ಅಂತ ಬಿಸಾಡಬೇಕು. ಲಕ್ಷಗಟ್ಟಲೆ ಸಲ. ವಿಷ್ನೆವ್‌ಸ್ಕಿ ಬರೆದದ್ದರ ಸಾರ ಇಷ್ಟು: ಗುಡಿಸೋ ವೇಗಕ್ಕಿಂತ ಕಸ ಹುಟ್ಟೋ ವೇಗ ಹೆಚ್ಚಾಗಿತ್ತು.

ಅವರು ಮಾಡಿದ ಪರಿಹಾರ ಎರಡು, ಎರಡರಲ್ಲೂ ಹೊಸ ಸರ್ವರ್ ಖರೀದಿ ಇಲ್ಲ. ಕಲ್ಲುಗಳ ಆಯುಸ್ಸನ್ನ 10 ದಿನದಿಂದ 2 ದಿನಕ್ಕೆ ಇಳಿಸಿದರು. ಪ್ರತಿ ರಾತ್ರಿ ಮೂರೂ ಪ್ರತಿಗಳನ್ನ ತಾಳೆ ಹಾಕ್ತಿದ್ದರಿಂದ ಇಳಿಸೋಕೆ ಧೈರ್ಯ ಇತ್ತು. ಆ ರಾತ್ರಿ ಕೆಲಸ ಇಲ್ಲದೆ ಬರೀ ಸಂಖ್ಯೆ ಇಳಿಸಿದರೆ ಮೂರನೇ ಶಾಖೆಯ ಕತೆ ಆಗತ್ತೆ, ನೆನಪಿರಲಿ. ಎರಡನೇದು, ಅವರು ಚಾನೆಲ್‌ನ ಮೆಸೇಜ್‌ಗಳನ್ನ 10 ದಿನಕ್ಕೊಂದು ಕಟ್ಟಿನ ಹಾಗೆ ಇಡ್ತಿದ್ದರು. ಯಾವ ಕಟ್ಟು ಖಾಲಿ ಅಂತ ಒಮ್ಮೆ ಗೊತ್ತಾದರೆ ಮುಂದಿನ ಸಲ ಅದನ್ನ ಬಿಚ್ಚಲೇಬಾರದು ಅಂತ ಕೋಡ್ ಬದಲಾಯಿಸಿದರು.

ಈ ಕತೆಯ ಸಣ್ಣ ತುಂಡನ್ನ ಹಿಂದೊಮ್ಮೆ ಹೇಳಿದ್ದೆ. ಅದನ್ನ ಕೇಳಿ ಒಬ್ಬ ಕೇಳುಗರು ಬರೆದಿದ್ದರು. ದಾವಣಗೆರೆ ಕಡೆಯವರು, ಬೆಂಗಳೂರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷದಿಂದ ಕೆಲಸ. ಕಂಪನಿ ಹೆಸರು ಬೇಡ. "ಅಣ್ಣ, ನಮ್ಮಲ್ಲೂ ಕಸಾಂಡ್ರಾ. ದಿನಾ ರಾತ್ರಿ ಆನ್‌ಕಾಲ್‌ನಲ್ಲಿ ನನ್ನ ಫೋನ್ ಹೊಡ್ಕೊಳ್ಳತ್ತೆ. ಓದು ನಿಧಾನ ಅಂತ ಅಲರ್ಟ್. ಮ್ಯಾನೇಜರ್ ಮೆಮರಿ ಜಾಸ್ತಿ ಮಾಡು ಅಂದರು. ಹೀಪ್ 16 ಜಿಬಿ ಇದ್ದದ್ದನ್ನ 40 ಮಾಡಿದ್ವಿ. ಅಲರ್ಟ್ ಕಮ್ಮಿ ಆಯ್ತು, ಆದರೆ ಬಂದಾಗ ಮೊದಲಿಗಿಂತ ಕೆಟ್ಟದಾಗಿ ಬರತ್ತೆ. ನನ್ನ ಅಪ್ರೈಸಲ್‌ನಲ್ಲಿ ಇದನ್ನ ಬರೆದಿದ್ದಾರೆ." ಇಷ್ಟು ವಿಷಯ.

ಹೀಪ್ ಅಂದರೆ ಜಾವಾ ಪ್ರೋಗ್ರಾಂಗೆ ಅಂತ ಎತ್ತಿಟ್ಟ ಮೆಮರಿ, ಮೇಜಿನಲ್ಲಿ ಅದರ ಪಾಲು. ಇವರ ಮಷಿನ್‌ನಲ್ಲಿ ಒಟ್ಟು ರ್‍ಯಾಮ್ 64 ಜಿಬಿ. ಹೀಪ್‌ಗೆ 40 ಕೊಟ್ಟರೆ ಉಳಿಯೋದು 24. ಮೊದಲು 48 ಉಳಿದಿತ್ತು. ಆ ಉಳಿದ ಜಾಗ ವ್ಯರ್ಥ ಅಲ್ಲ ಸ್ವಾಮಿ. ಲಿನಕ್ಸ್ ಅದನ್ನ ಡಿಸ್ಕ್‌ನಿಂದ ಓದಿದ ಫೈಲ್‌ಗಳನ್ನ ಇಟ್ಟುಕೊಳ್ಳೋಕೆ ಬಳಸತ್ತೆ, ಅದಕ್ಕೆ ಪೇಜ್ ಕ್ಯಾಶ್ ಅಂತಾರೆ. ಕಸಾಂಡ್ರಾದ ಓದಿನ ವೇಗದಲ್ಲಿ ದೊಡ್ಡ ಪಾಲು ಅದರದ್ದೇ. ಅಂದರೆ ಗುಮಾಸ್ತರ ಮೇಜಿನಲ್ಲಿ ಕಸ ಹಾಕೋ ಜಾಗ ದೊಡ್ಡದು ಮಾಡಿ, ಪುಸ್ತಕ ಇಡೋ ಜಾಗ ಅರ್ಧ ಮಾಡಿದ ಹಾಗಾಯ್ತು. ಕಸದ ಬುಟ್ಟಿ ದೊಡ್ಡದಾದ್ದರಿಂದ ತುಂಬೋದು ತಡ, ಅಲರ್ಟ್ ಕಮ್ಮಿ. ತುಂಬಿದಾಗ ಗುಡಿಸೋಕೆ ಹೆಚ್ಚು ಹೊತ್ತು. ಅವರಿಗೆ ಕಂಡದ್ದು ಅದೇ.

ಇನ್ನೊಂದು ಸೂಕ್ಷ್ಮ ಇದೆ, ಹಣಕಾಸಿನೋರಿಗೆ ಇಷ್ಟ ಆಗತ್ತೆ. ಜಾವಾ, ಹೀಪ್ 32 ಜಿಬಿ ಒಳಗಿದ್ದರೆ ಪ್ರತಿ ವಸ್ತುವಿನ ವಿಳಾಸವನ್ನ 4 ಬೈಟ್‌ನಲ್ಲಿ ಬರೆದುಕೊಳ್ಳತ್ತೆ. ಅದನ್ನ ದಾಟಿದ ಕೂಡಲೇ 8 ಬೈಟ್. ತೆರಿಗೆ ಸ್ಲ್ಯಾಬ್ ಇದ್ದ ಹಾಗೆ ಅನ್ನೋಣ ಅಂದರೆ ಅದಕ್ಕಿಂತ ಕ್ರೂರ, ಇಲ್ಲಿ ಮಿತಿ ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಎಲ್ಲದಕ್ಕೂ ಹೊಸ ದರ. ಹಾಗಾಗಿ 31 ಜಿಬಿಯಿಂದ 34ಕ್ಕೆ ಹೋದರೆ ಹಿಡಿಸೋ ಸಾಮಾನು ಹೆಚ್ಚಾಗೋ ಬದಲು ಕಮ್ಮಿಯಾಗಬಹುದು.

"ಮೆಮರಿ ಹಾಕು" ಅನ್ನೋದು ಒಂದು ಚಟ ಅಂತ ನನ್ನ ಅಭಿಪ್ರಾಯ. ತಪ್ಪು ಅಂತಲ್ಲ, ಕೆಲವೊಮ್ಮೆ ಅದೇ ಸರಿ. ಆದರೆ ಯಾರು ಕಸ ಹಾಕ್ತಿದ್ದಾರೆ ಅಂತ ನೋಡದೆ ಬುಟ್ಟಿ ದೊಡ್ಡದು ಮಾಡೋದು ಕಾರಣ ಹುಡುಕೋದನ್ನ ಮುಂದೂಡೋದಷ್ಟೇ. ಬಿಲ್ ಮಾತ್ರ ಪ್ರತಿ ತಿಂಗಳು ಬರತ್ತೆ. ಹೆಸರು ಹಾಳಾಗೋದು ರಾತ್ರಿ ಫೋನ್ ಎತ್ತೋ ಚಿಕ್ಕವರದ್ದು.

ಹಾಗಾದರೆ ನೋಡೋದು ಹೇಗೆ? ನಾನು ಎಂಜಿನಿಯರ್ ಅಲ್ಲ, ಆದರೆ ಈ ಕೆಲಸ ವರ್ಷಗಟ್ಟಲೆ ಮಾಡಿದ ಗೆಳೆಯರ ಜೊತೆ ಕೂತು ಅವರ ಪತ್ರ ಓದಿದ್ವಿ. ಗೆಳೆಯರು ಕೇಳಿದ ಮೊದಲ ಪ್ರಶ್ನೆ, "ನಿಧಾನ ಅಂದರೆ ಯಾವ ಸಂಖ್ಯೆ? ಸರಾಸರಿಯಾ?" ಹೌದು, ಅವರ ಡ್ಯಾಶ್‌ಬೋರ್ಡ್‌ನಲ್ಲಿ ಸರಾಸರಿ ಮಾತ್ರ ಇತ್ತು.

ಸರಾಸರಿ ಎಷ್ಟು ಮೋಸ ಅಂತ ಲೆಕ್ಕ ಹಾಕಿ. 100 ಓದು. 99 ಓದು 5 ಮಿಲಿಸೆಕೆಂಡ್‌ನಲ್ಲಿ ಮುಗೀತು, ಒಂದು ಮಾತ್ರ 10 ಸೆಕೆಂಡ್ ತಗೊಂಡಿತು. ಸರಾಸರಿ ಸುಮಾರು 105 ಮಿಲಿಸೆಕೆಂಡ್ ಬರತ್ತೆ. ಆ ನೂರರಲ್ಲಿ ಒಬ್ಬರಿಗೂ 105 ಮಿಲಿಸೆಕೆಂಡಿನ ಅನುಭವ ಆಗಿಲ್ಲ. 99 ಜನಕ್ಕೆ ಕಣ್ಣು ಮಿಟುಕಿಸೋದರೊಳಗೆ ಆಯ್ತು, ಒಬ್ಬರು ಆ್ಯಪ್ ಮುಚ್ಚಿ ಹೋದರು. ಅದಕ್ಕೇ ಪಿ99 ನೋಡಬೇಕು, ಅಂದರೆ ನೂರರಲ್ಲಿ 99 ಓದು ಎಷ್ಟರೊಳಗೆ ಮುಗೀತು ಅಂತ. ಆ ಒಂದು ಬಾಲವನ್ನ "ಬಿಡು, ಒಂದು ಪರ್ಸೆಂಟ್ ತಾನೇ" ಅನ್ನೋ ಹಾಗಿಲ್ಲ. ಒಂದು ಪೇಜ್ ತೋರಿಸೋಕೆ 100 ಸಣ್ಣ ಓದು ಬೇಕು, ಪ್ರತಿಯೊಂದಕ್ಕೂ ನಿಧಾನ ಆಗೋ ಸಾಧ್ಯತೆ 1 ಪರ್ಸೆಂಟ್ ಅಂದರೆ, ಪೇಜ್ ನಿಧಾನ ಆಗೋ ಸಾಧ್ಯತೆ 63 ಪರ್ಸೆಂಟ್. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ಬರೆದ ಲೇಖನದಲ್ಲಿ ಇದೇ ಲೆಕ್ಕ ಇದೆ, ಕ್ಯಾಲ್ಕುಲೇಟರ್ ಇದ್ದರೆ ನೀವೇ ಹಾಕಿ ನೋಡಬಹುದು.

ಎರಡನೇ ಪ್ರಶ್ನೆ, ಅಳೆದದ್ದು ಎಲ್ಲಿಂದ? ಅಡುಗೆಮನೆಯಿಂದಲೋ, ಗಿರಾಕಿಯ ಕಡೆಯಿಂದಲೋ? ಸರ್ವರ್ ತಾನೇ ನಿಂತುಹೋದಾಗ ಅದರ ಗಡಿಯಾರ ನೋಡೋರೂ ನಿಂತಿರ್ತಾರೆ. ಹೊರಗೆ ಕ್ಯೂನಲ್ಲಿ 8 ಸೆಕೆಂಡ್ ಕಾದ ಓದು ಒಳಗೆ ಬಂದ ಮೇಲೆ 3 ಮಿಲಿಸೆಕೆಂಡ್‌ನಲ್ಲಿ ಮುಗಿದರೆ, ಸರ್ವರ್ "3 ಮಿಲಿಸೆಕೆಂಡ್, ನಾನು ಚೆನ್ನಾಗೇ ಇದ್ದೀನಿ" ಅಂತ ಬರೆದುಕೊಳ್ಳಬಹುದು. ಹಾಗಾಗಿ ಆ್ಯಪ್ ಕಡೆಯ ಸಮಯ ಬೇಕೇ ಬೇಕು. ಎರಡರ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಅದೇ ಒಂದು ಸುಳಿವು.

ಆಮೇಲೆ ಜಿಸಿ ಲಾಗ್. 200 ಮಿಲಿಸೆಕೆಂಡ್‌ಗಿಂತ ಹೆಚ್ಚು ಹೊತ್ತು ಗುಡಿಸಿದರೆ ಕಸಾಂಡ್ರಾ ತಾನಾಗೇ ಲಾಗ್‌ನಲ್ಲಿ ಬರೆಯತ್ತೆ. ಆ ಹೊತ್ತುಗಳನ್ನ ಒಂದು ಕಾಲಂನಲ್ಲಿ, ಓದು ನಿಧಾನವಾದ ಹೊತ್ತುಗಳನ್ನ ಪಕ್ಕದ ಕಾಲಂನಲ್ಲಿ ಇಟ್ಟು ನೋಡೋದು. ಬ್ಯಾಂಕ್ ರೀಕನ್ಸಿಲಿಯೇಷನ್ ಮಾಡಿದ ಹಾಗೆ. ಪಾಸ್‌ಬುಕ್ ಒಂದು ಕಡೆ, ನಮ್ಮ ಪುಸ್ತಕ ಒಂದು ಕಡೆ, ಸೆಕೆಂಡ್ ಲೆಕ್ಕದಲ್ಲಿ ಟಿಕ್ ಹಾಕ್ತಾ ಹೋಗೋದು. ಹೊಂದಿದರೆ ಜಿಸಿ. ಹೊಂದದಿದ್ದರೆ ಜಿಸಿಯನ್ನ ಬಿಟ್ಟು ಡಿಸ್ಕ್ ಕಡೆ, ಪೇಜ್ ಕ್ಯಾಶ್ ಕಡೆ, ನೆಟ್‌ವರ್ಕ್ ಕಡೆ ಹೋಗಬೇಕು. ಕೇಳುಗರದ್ದು ಹೊಂದಿತು, ಹೆಚ್ಚುಕಮ್ಮಿ ಪ್ರತಿಯೊಂದೂ.

ಜಿಸಿ ಅಂತ ಗೊತ್ತಾದ ಮೇಲೆ ಇನ್ನೊಂದು ಚಿತ್ರ ನೋಡಬೇಕು: ಪ್ರತಿ ಸಲ ಗುಡಿಸಿದ ಮೇಲೆ ಎಷ್ಟು ಮೆಮರಿ ಇನ್ನೂ ತುಂಬಿದೆ? ಗ್ರಾಫ್ ಹಾಕಿದರೆ ಗರಗಸದ ಹಲ್ಲಿನ ಹಾಗೆ ಏರಿ ಇಳಿದು ಕಾಣತ್ತೆ. ಇಳಿದಾಗಿನ ತಳ ದಿನದಿಂದ ದಿನಕ್ಕೆ ಮೇಲೇರ್ತಿದ್ದರೆ ಯಾವುದೋ ಕ್ಯಾಶ್ ಅತಿಯಾಗಿ ದೊಡ್ಡದಿದೆ, ಅಥವಾ ಯಾರೋ ಹಿಡಿದ ಮೆಮರಿ ಬಿಡ್ತಿಲ್ಲ. ತಳ ಕೆಳಗೇ ಇದ್ದು ಹಲ್ಲುಗಳು ಮಾತ್ರ ಒತ್ತೊತ್ತಾಗಿ ಇದ್ದರೆ, ಹಿಡಿದಿಟ್ಟ ಸಾಮಾನು ಕಮ್ಮಿ, ಹುಟ್ಟಿ ಸಾಯೋ ಕಸ ವಿಪರೀತ. ಎರಡಕ್ಕೂ ಮದ್ದು ಬೇರೆ ಬೇರೆ. ಅವರದ್ದು ಎರಡನೇ ಜಾತಿ.

ಕಸ ಯಾರದ್ದು ಅಂತ ಹುಡುಕೋಕೆ ಕಸಾಂಡ್ರಾ ಜೊತೆ ಬರೋ ನೋಡ್‌ಟೂಲ್ ಅನ್ನೋ ಸಾಧನ ಸಾಕಾಯ್ತು. ಅದರಲ್ಲಿ ಟೇಬಲ್‌ಸ್ಟ್ಯಾಟ್ಸ್ ಅಂತ ಕೊಟ್ಟರೆ ಪ್ರತಿ ಟೇಬಲ್‌ಗೂ ಕಳೆದ ಐದು ನಿಮಿಷದಲ್ಲಿ ಒಂದು ಓದಿಗೆ ಸರಾಸರಿ ಎಷ್ಟು ಕಲ್ಲು ಸಿಕ್ಕಿತು ಅಂತ ತೋರಿಸತ್ತೆ. ಒಂದು ಬಿಟ್ಟು ಎಲ್ಲ ಟೇಬಲ್‌ಗಳೂ ತಣ್ಣಗಿದ್ದವು. ಆ ಒಂದರಲ್ಲಿ ಓದಿಗೆ ನಲವತ್ತು ಸಾವಿರದ ಹತ್ತಿರ. ಅದು ಗಿರಾಕಿಗಳಿಗೆ ಕಳಿಸಬೇಕಾದ ಎಸ್ಎಂಎಸ್‌ಗಳ ಟೇಬಲ್. ಬಂದ ಕೂಡಲೇ ಒಂದು ಸಾಲು ಬರೆಯೋದು, ಕಳಿಸಿದ ಮೇಲೆ ಡಿಲೀಟ್ ಮಾಡೋದು, "ಇನ್ನೇನಾದರೂ ಬಾಕಿ ಇದೆಯಾ" ಅಂತ ಪ್ರತಿ ಸೆಕೆಂಡ್ ಕೇಳೋದು. ಬಾಕಿ ಇರ್ತಿದ್ದದ್ದು ಎಂಟೋ ಹತ್ತೋ. ಅದಕ್ಕೆ ನಲವತ್ತು ಸಾವಿರ ಕಲ್ಲು ದಾಟಬೇಕು, ಸೆಕೆಂಡಿಗೊಂದು ಸಲ. ಕಸಾಂಡ್ರಾವನ್ನ ಹೀಗೆ ಕ್ಯೂ ಥರ ಬಳಸಬೇಡಿ ಅಂತ ಅದನ್ನ ಬಲ್ಲವರು ವರ್ಷಗಳಿಂದ ಹೇಳ್ತಾನೇ ಇದ್ದಾರೆ. ಒಂದು ಓದಿನಲ್ಲಿ ಸಾವಿರ ಕಲ್ಲು ದಾಟಿದರೆ ಲಾಗ್‌ನಲ್ಲಿ ಎಚ್ಚರಿಕೆ ಬೀಳತ್ತೆ. ಇವರ ಲಾಗ್‌ನಲ್ಲಿ ಆ ಎಚ್ಚರಿಕೆ ತಿಂಗಳುಗಳಿಂದ ಬಿದ್ದಿತ್ತು. ಓದೋರು ಬೇಕಲ್ಲ!

ಟೇಬಲನ್ನ ಗಂಟೆಗೊಂದು ಕಟ್ಟಾಗಿ ಒಡೆದರು, ಪೂರ್ತಿ ಮುಗಿದ ಗಂಟೆಯ ಕಟ್ಟನ್ನ ಮತ್ತೆ ತೆರೆಯದ ಹಾಗೆ ಕೋಡ್ ಬದಲಾಯಿಸಿದರು. ಹೀಪ್ ವಾಪಸ್ 16. ಈಗ ರಾತ್ರಿ ಫೋನ್ ಬರಲ್ಲ ಅಂತ ಬರೆದಿದ್ದಾರೆ. ಅಪ್ರೈಸಲ್‌ನ ಸಾಲು ಇನ್ನೂ ಹಾಗೇ ಇದೆಯಂತೆ. ಮ್ಯಾನೇಜರ್ ಮುಂದೆ ಎರಡು ಕಾಲಂನ ಆ ಹಾಳೆ ಇಡಿ ಅಂತ ಹೇಳಿದ್ದೀನಿ.

"ಕ್ಯಾಶ್ ದೊಡ್ಡದು ಮಾಡಿದರೆ ಓದು ವೇಗ ಆಗತ್ತಲ್ಲ, ಅದಾದರೂ ನಿಜ ತಾನೇ?" ಅಂತ ಕೆಲವರು ಕೇಳಬಹುದು. ಇದಕ್ಕೂ ಡಿಸ್ಕಾರ್ಡ್‌ನಲ್ಲೇ ಉದಾಹರಣೆ ಇದೆ, 2020ರಲ್ಲಿ ಬರೆದದ್ದು. ನೀವು ಯಾವ ಚಾನೆಲ್‌ನಲ್ಲಿ ಎಲ್ಲಿವರೆಗೆ ಓದಿದ್ದೀರಿ ಅಂತ ನೆನಪಿಡೋ ಒಂದು ಸರ್ವಿಸ್. ಗೋ ಭಾಷೆಯಲ್ಲಿ ಬರೆದದ್ದು. ಡೇಟಾಬೇಸ್‌ಗೆ ಹೋಗೋದು ತಪ್ಪಿಸೋಕೆ ಮೆಮರಿಯಲ್ಲೇ ಕೋಟಿಗಟ್ಟಲೆ ದಾಖಲೆ ಇಟ್ಟುಕೊಂಡಿತ್ತು. ಅದು ಸರಿಯಾಗಿ ಎರಡು ನಿಮಿಷಕ್ಕೊಮ್ಮೆ ಎಡವ್ತಿತ್ತು. ಗಡಿಯಾರ ಇಟ್ಟ ಹಾಗೆ. ಬೇರೆ ಕಾರಣ ಇಲ್ಲದಿದ್ದರೂ ಎರಡು ನಿಮಿಷಕ್ಕೊಮ್ಮೆ ಗುಡಿಸಲೇಬೇಕು ಅನ್ನೋ ನಿಯಮ ಗೋ ಭಾಷೆಯಲ್ಲೇ ಇದೆ. ತಮಾಷೆ ಅಂದರೆ ಅಲ್ಲಿ ಕಸ ಹೆಚ್ಚಿರಲೇ ಇಲ್ಲ. ಆದರೆ ಕಸ ಯಾವುದು, ಸಾಮಾನು ಯಾವುದು ಅಂತ ತಿಳಿಯೋಕೆ ಇಡೀ ಕ್ಯಾಶ್ ತಡಕಿ ನೋಡಬೇಕಿತ್ತು. ಕ್ಯಾಶ್ ಚಿಕ್ಕದು ಮಾಡಿದರು, ಎಡವೋದು ಕಮ್ಮಿ ಆಯ್ತು. ಆದರೆ ಕೇಳಿದ್ದು ಮೆಮರಿಯಲ್ಲಿ ಸಿಗದೆ ಡೇಟಾಬೇಸ್‌ಗೆ ಹೋಗೋದು ಹೆಚ್ಚಾಗಿ ಪಿ99 ಏರಿತು. ಈ ಕಡೆ ಎಳೆದರೆ ಆ ಕಡೆ ಕಮ್ಮಿ. ಕೊನೆಗೆ ಗಾರ್ಬೇಜ್ ಕಲೆಕ್ಟರ್ ಇಲ್ಲದ ರಸ್ಟ್ ಭಾಷೆಯಲ್ಲಿ ಪೂರ್ತಿ ಹೊಸದಾಗಿ ಬರೆದರು. ಆಮೇಲೆ ಕ್ಯಾಶ್ ಹೆಚ್ಚಿಸೋಕೆ ಯಾವ ಅಡ್ಡಿಯೂ ಇರಲಿಲ್ಲ.

ಇದನ್ನ ಕೇಳಿ ನಾಳೆನೇ ರಸ್ಟ್ ಕಲಿಯೋಕೆ ಕೂರಬೇಡಿ. ಅವರ ಗಾತ್ರ ಬೇರೆ, ಎಸ್ಎಂಎಸ್ ಟೇಬಲ್ ಗಾತ್ರ ಬೇರೆ.

ಡಿಸ್ಕಾರ್ಡ್‌ನ ಗಾತ್ರ ಎಷ್ಟಾಯ್ತು ಅಂದರೆ, 2017ರಲ್ಲಿ 12 ಕಸಾಂಡ್ರಾ ನೋಡ್‌ಗಳಿದ್ದವು, 2022ರ ಶುರುವಿನಲ್ಲಿ 177. ಜಿಸಿ ಸೆಟ್ಟಿಂಗ್‌ಗಳನ್ನ ತಿರುಗಿಸೋದರಲ್ಲೇ ಎಂಜಿನಿಯರ್‌ಗಳ ಸಾಕಷ್ಟು ಸಮಯ ಹೋಗ್ತಿತ್ತು. ಕೆಲವೊಮ್ಮೆ ನೋಡ್ ಎಷ್ಟು ಕೆಟ್ಟದಾಗಿ ನಿಲ್ತಿತ್ತು ಅಂದರೆ ಒಬ್ಬರು ಕೂತು ರೀಬೂಟ್ ಮಾಡಿ, ಮಗು ಸಾಕಿದ ಹಾಗೆ ಸುಧಾರಿಸಬೇಕಿತ್ತು. ಅವರು ಸಿಲಾಡಿಬಿ ಅನ್ನೋದಕ್ಕೆ ಹೋದರು. ಕಸಾಂಡ್ರಾ ಥರಾನೇ ಮಾತಾಡತ್ತೆ, ಆದರೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಗಾರ್ಬೇಜ್ ಕಲೆಕ್ಟರ್ ಇಲ್ಲ. ಜೊತೆಗೆ ಡೇಟಾಬೇಸ್‌ನ ಮುಂದೆ ಒಂದು ಪದರ ಹಾಕಿದರು. ಒಂದೇ ಮೆಸೇಜನ್ನ ಸಾವಿರ ಜನ ಒಟ್ಟಿಗೆ ಕೇಳಿದರೆ ಡೇಟಾಬೇಸನ್ನ ಒಮ್ಮೆ ಮಾತ್ರ ಕೇಳಿ ಸಾವಿರ ಜನಕ್ಕೂ ಹಂಚೋ ಪದರ. 177 ನೋಡ್ ಮಾಡ್ತಿದ್ದ ಕೆಲಸಕ್ಕೆ 72 ಸಾಕಾಯ್ತು. ಹಳೇ ಮೆಸೇಜ್ ಓದೋ ಪಿ99 ಮೊದಲು 40ರಿಂದ 125 ಮಿಲಿಸೆಕೆಂಡ್ ನಡುವೆ ಓಲಾಡ್ತಿತ್ತು, ಆಮೇಲೆ 15. ಇದರಲ್ಲಿ ಎಷ್ಟು ಪಾಲು ಸಿಲಾದ್ದು, ಎಷ್ಟು ಆ ಹಂಚೋ ಪದರದ್ದು ಅಂತ ಬಿಡಿಸಿ ಹೇಳೋದು ಕಷ್ಟ. "ಡೇಟಾಬೇಸ್ ಬದಲಾಯಿಸಿದರು, ಸರಿಹೋಯ್ತು" ಅಂತ ಯಾರಾದರೂ ಒಂದೇ ಸಾಲಿನಲ್ಲಿ ಹೇಳಿದರೆ ಈ ಪದರದ ಬಗ್ಗೆ ಕೇಳಿ.

ಹಳೇ ಮೆಸೇಜ್‌ಗಳನ್ನೆಲ್ಲ ಹೊಸ ಡೇಟಾಬೇಸ್‌ಗೆ ಸಾಗಿಸೋಕೆ ಮೊದಲ ಅಂದಾಜು ಮೂರು ತಿಂಗಳಿತ್ತು. ಸಾಗಿಸೋ ಪ್ರೋಗ್ರಾಂ ಹೊಸದಾಗಿ ಬರೆದು, ಸೆಕೆಂಡಿಗೆ 32 ಲಕ್ಷ ಮೆಸೇಜ್‌ನಂತೆ ಒಂಬತ್ತು ದಿನಕ್ಕೆ ಇಳಿಸಿದರು. 99.9999 ಪರ್ಸೆಂಟ್ ಮುಗೀತು. ಅಲ್ಲಿ ನಿಂತುಬಿಟ್ಟಿತು. ಮುಂದಕ್ಕೆ ಹೋಗಲೇ ಇಲ್ಲ, ಓದು ಟೈಮ್‌ಔಟ್, ಟೈಮ್‌ಔಟ್. ಏನು ಅಂತ ನೋಡಿದರೆ ಆ ಕೊನೆಯ ತುಂಡಿನಲ್ಲಿ ಇದ್ದದ್ದು ಯಾವತ್ತೂ ಗುಡಿಸದೇ ಬಿಟ್ಟ ಸಮಾಧಿ ಕಲ್ಲುಗಳ ದೊಡ್ಡ ರಾಶಿ. ಕಸಾಂಡ್ರಾದಲ್ಲಿ ಅಷ್ಟು ಭಾಗವನ್ನ ಒಟ್ಟುಗೂಡಿಸಿ ಕಲ್ಲು ಎತ್ತಿಸಿದರು. ಕೆಲವೇ ಸೆಕೆಂಡಿನಲ್ಲಿ ನೂರು ಪರ್ಸೆಂಟ್ ಆಯ್ತು.

ಆ ಹಂಚೋ ಪದರದ ಬಗ್ಗೆ, 2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ದಿನ ಮೆಸೇಜ್‌ಗಳ ಗ್ರಾಫ್‌ನಲ್ಲಿ ಪ್ರತಿ ಗೋಲೂ ಹೇಗೆ ಕಾಣಿಸ್ತು ಅನ್ನೋದರ ಬಗ್ಗೆ ಮುಂದಿನ ವಾರ ಮಾತಾಡೋಣ. ನಿಮ್ಮಲ್ಲಿ ಯಾರಾದರೂ ರಾತ್ರಿ ಆನ್‌ಕಾಲ್‌ನಲ್ಲಿ ಇದ್ದರೆ, ಇಂಥದ್ದೇ ಏನಾದರೂ ಹುಡುಕಿ ಹಿಡಿದಿದ್ದರೆ ಬರೆಯಿರಿ, ಕಂಪನಿ ಹೆಸರು ಬೇಡ.